ಆ ಮಾತ್ರೆಯ ಹೆಸರೇನು?

ಕೆಳತುಟಿಯ ಅಂಚಿನಲ್ಲೋ ಬೆರಳ ಸಂದಿಯಲ್ಲೋ ಒಂದು ದುಂಡನೆಯ ಕಪ್ಪು ಕಲೆ. ನೋವಿಲ್ಲ, ತುರಿಕೆಯಿಲ್ಲ. ಮಚ್ಚೆ ಅಂದುಕೊಂಡು ಸುಮ್ಮನಿರುವವರುಂಟು, ಬೆಳ್ಳಗಾಗಲಿ ಎಂದು ಸಿಕ್ಕ ಮುಲಾಮು ಹಚ್ಚುವವರುಂಟು. ವರ್ಷಕ್ಕೆ ಒಂದೆರಡು ಸಲ ಅದು ಇದ್ದಕ್ಕಿದ್ದಂತೆ ಕೆಂಪೇರುತ್ತದೆ, ಉರಿಯುತ್ತದೆ, ಮೇಲೊಂದು ನೀರುಗುಳ್ಳೆ ಏಳುತ್ತದೆ. ವಾರದೊಳಗೆ ಒಣಗಿ, ಮೊದಲಿಗಿಂತ ಒಂದು ಬಣ್ಣ ಹೆಚ್ಚೇ ಕಪ್ಪಾಗಿ ಅಲ್ಲೇ ಉಳಿಯುತ್ತದೆ. ಮನೆಯಲ್ಲಿ ಹಿರಿಯರು 'ಜೇಡ ಹರಿದಿರಬೇಕು' ಎನ್ನುತ್ತಾರೆ, 'ಉಷ್ಣಕ್ಕೆ ತುಟಿ ಒಡೆದಿದೆ, ಎಳನೀರು ಕುಡಿ' ಎನ್ನುತ್ತಾರೆ. ಎಳನೀರು ಕುಡಿದರೆ ಕೆಟ್ಟದ್ದೇನೂ ಇಲ್ಲ. ಆದರೆ ಕಲೆಯ ಮೂಲ ಬೇರೆ ಕಡೆ ಇರುತ್ತದೆ.

ಹಿಂದಿನ ದಿನ ಏನು ನುಂಗಿದಿರಿ ಎಂದು ಕೇಳಿದರೆ ಆ ಮೂಲ ಹೊರಬರುತ್ತದೆ. ಮದುವೆ ಊಟ ಮಾಡಿ ಹೊಟ್ಟೆ ಕೆಟ್ಟಿತ್ತು, ಭೇದಿ ನಿಲ್ಲಲೆಂದು ಮೆಡಿಕಲ್ ಶಾಪ್‌ನಿಂದ ಎರಡು ಮಾತ್ರೆ ತಂದಿದ್ದರು. ಇಲ್ಲವೇ ಹಲ್ಲುನೋವಿಗೆ, ಮೈಕೈ ನೋವಿಗೆ, ಮುಟ್ಟಿನ ಹೊಟ್ಟೆನೋವಿಗೆ ಏನೋ ಒಂದು ನುಂಗಿದ್ದರು. ಅದೇ ಔಷಧ ಮೈಸೇರಿದಾಗಲೆಲ್ಲ ಅದೇ ಜಾಗದಲ್ಲಿ ಏಳುವ ಈ ಕಲೆಯನ್ನು ಚರ್ಮವೈದ್ಯರು ಫಿಕ್ಸ್‌ಡ್ ಡ್ರಗ್ ಎರಪ್ಷನ್ ಎಂದು ಕರೆಯುತ್ತಾರೆ. 1889ರಲ್ಲಿ ಬೋರ್ನ್ಸ್ ಎಂಬ ವೈದ್ಯರು ಇದನ್ನು ಮೊದಲು ಬರೆದಿಟ್ಟರು. ಆಗಿನ ಕಾಲದ ಜ್ವರದ ಔಷಧ ಆಂಟಿಪೈರಿನ್ ನುಂಗಿದ ರೋಗಿಯಲ್ಲಿ ಅವರು ಅದನ್ನು ಕಂಡಿದ್ದರು. ಐದು ವರ್ಷಗಳ ನಂತರ ಫ್ರಾನ್ಸಿನ ಚರ್ಮವೈದ್ಯ ಲೂಯಿ ಬ್ರೋಕ್ ಅದಕ್ಕೆ ಹೆಸರು ಕೊಟ್ಟರು. ಆಂಟಿಪೈರಿನ್ ಬಳಕೆ ತಪ್ಪಿಹೋಯಿತು. ಕಲೆ ಮಾತ್ರ ಉಳಿದು ಹೊಸ ಔಷಧಗಳನ್ನು ಹುಡುಕಿಕೊಂಡಿತು. ಇಂದು ನಮ್ಮಲ್ಲಿ ಅದಕ್ಕೆ ಹೆಚ್ಚಾಗಿ ಕಾರಣವಾಗುವುದು ಭೇದಿಗೆ ಕೊಡುವ ಟಿನಿಡಜೋಲ್, ಆರ್ನಿಡಜೋಲ್, ಮೆಟ್ರೊನಿಡಜೋಲ್. ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್, ನಾರ್‌ಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್. ನೋವಿಗೆ ಕೊಡುವ ಡೈಕ್ಲೊಫೆನಾಕ್, ಐಬುಪ್ರೊಫೇನ್. ಅಪರೂಪಕ್ಕೆ ಎಲ್ಲರ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೂಡ.

ಚರ್ಮದ ಮೇಲ್ಪದರದಲ್ಲಿ ಒಂದು ಬಗೆಯ ರಕ್ಷಣಾ ಜೀವಕೋಶಗಳು ಒಮ್ಮೆ ಬಂದು ನೆಲೆಸಿದರೆ ವರ್ಷಗಟ್ಟಲೆ ಕದಲುವುದಿಲ್ಲ. ಹಿಂದೆ ಎದುರಿಸಿದ ಶತ್ರುವಿನ ಗುರುತನ್ನು ಕಾಪಿಟ್ಟುಕೊಳ್ಳುವುದೇ ಅವುಗಳ ಕೆಲಸ. ಔಷಧವನ್ನು ಶತ್ರುವೆಂದು ಗುರುತಿಟ್ಟುಕೊಂಡ ಕೋಶಗಳು ಆ ಕಪ್ಪು ಕಲೆಯೊಳಗೇ ಕಾದಿರುತ್ತವೆ. ಅದೇ ಔಷಧ ರಕ್ತಕ್ಕೆ ಬಂದ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಎಚ್ಚೆತ್ತು ಸುತ್ತಲಿನ ಚರ್ಮದ ಕೋಶಗಳನ್ನು ಕೊಲ್ಲುತ್ತವೆ. ಮರುಕಳಿಸಿದ ಹಾಗೆಲ್ಲ ಹಳೆಯ ಕಲೆಗಳ ಜೊತೆ ಹೊಸವೂ ಸೇರಿಕೊಳ್ಳಬಹುದು. ಒಂದಿದ್ದದ್ದು ಐದಾಗಿ, ಹತ್ತಾಗಿ, ಕೆಲವರಲ್ಲಿ ಮೈತುಂಬ ಹರಡಿ ಆಸ್ಪತ್ರೆ ಸೇರುವಂತಾಗುತ್ತದೆ.

ಈ ಕಲೆ ಏಳಲು ಇಷ್ಟಪಡುವ ಇನ್ನೊಂದು ಜಾಗ ಜನನಾಂಗ. ಅಲ್ಲಿ ಹುಣ್ಣಾದಾಗ ಗಂಡ ಹೆಂಡತಿಯನ್ನೂ ಹೆಂಡತಿ ಗಂಡನನ್ನೂ ಅನುಮಾನಿಸುತ್ತಾರೆ. ಲೈಂಗಿಕ ರೋಗವೆಂದು ಯಾರಿಗೂ ಹೇಳದೆ ಗುಟ್ಟಾಗಿ ಮಾತ್ರೆ ನುಂಗುವವರಿದ್ದಾರೆ. ಹಾಗೆ ನುಂಗಿದ ಮಾತ್ರೆಯಲ್ಲೇ ಮೂಲ ಔಷಧ ಇದ್ದುಬಿಟ್ಟರೆ ಹುಣ್ಣು ಮತ್ತೆ ಮತ್ತೆ ಕೆರಳುತ್ತದೆ, ಅನುಮಾನ ಗಟ್ಟಿಯಾಗುತ್ತದೆ. ಒಂದು ಔಷಧದ ಹೆಸರು ತಿಳಿಯದ್ದರಿಂದ ಸಂಸಾರಗಳು ಇಷ್ಟು ನೋಯುವುದನ್ನು ಸಣ್ಣ ಮಾತೆಂದು ನಾನು ಒಪ್ಪುವುದಿಲ್ಲ.

ಆ ಹೆಸರು ಪತ್ತೆಯಾಗುವುದು ಕಷ್ಟ. 'ಯಾವ ಮಾತ್ರೆ?' ಎಂದು ವೈದ್ಯರು ಕೇಳಿದರೆ ಬರುವ ಉತ್ತರಗಳು ನಮಗೆಲ್ಲ ಗೊತ್ತು. 'ಬಿಳೀದು, ಉದ್ದಕ್ಕಿತ್ತು ಸಾರ್.' 'ಕೆಂಪು ಗುಳಿಗಿರೀ, ನಡುವ ಗೆರಿ ಇತ್ತು.' 'ಮೆಡಿಕಲ್‌ನವರೇ ಕೊಟ್ಟಿದ್ದು.' ಇದರಲ್ಲಿ ರೋಗಿಯ ತಪ್ಪೇನಿದೆ? ಹತ್ತು ಮಾತ್ರೆಗಳ ಹಾಳೆಯಲ್ಲಿ ಮೂರನ್ನು ಕತ್ತರಿಸಿ ಕೊಡುವಾಗ ಹೆಸರಿದ್ದ ಭಾಗ ಅಂಗಡಿಯಲ್ಲೇ ಉಳಿದಿರುತ್ತದೆ. ಹೆಸರು ಬಂದರೂ ಅದು ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಓದಿದರೂ ನೆನಪಿಗೆ ಬರುವುದು ಕಂಪನಿ ಇಟ್ಟ ಹೆಸರೇ ಹೊರತು ಒಳಗಿರುವ ಔಷಧದ್ದಲ್ಲ. ಒಂದೇ ಔಷಧ ಹತ್ತಾರು ಕಂಪನಿಗಳ ಹತ್ತಾರು ಹೆಸರಲ್ಲಿ ಸಿಗುವ ದೇಶ ನಮ್ಮದು. ಒಂದು ಹೆಸರಿನ ಮಾತ್ರೆ ಆಗಿಬರಲಿಲ್ಲವೆಂದು ಜಾಗ್ರತೆಯಿಂದ ಬಿಟ್ಟವರು, ಮರುವರ್ಷ ಬೇರೆ ಹೆಸರಿನಲ್ಲಿ ಅದನ್ನೇ ನುಂಗುತ್ತಾರೆ.

ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಗಳನ್ನು ಬೆರೆಸುವ ನಮ್ಮ ರೂಢಿ ಇದನ್ನು ಇನ್ನಷ್ಟು ಜಟಿಲಗೊಳಿಸಿದೆ. ಭೇದಿಗೆಂದು ಮಾರುವ ಎಷ್ಟೋ ಮಾತ್ರೆಗಳಲ್ಲಿ ಒಂದು ಫ್ಲಾಕ್ಸಸಿನ್ ಮತ್ತು ಒಂದು ನಿಡಜೋಲ್ ಜೋಡಿಯಾಗಿರುತ್ತವೆ. ಕಲೆ ಎದ್ದರೆ ಎರಡರಲ್ಲಿ ಯಾವುದನ್ನು ದೂರುವುದು? ಇಂಥ ಜೋಡಿ ಔಷಧಗಳಲ್ಲಿ ವೈದ್ಯಕೀಯ ಸಮರ್ಥನೆ ಇಲ್ಲದ 344ನ್ನು ಕೇಂದ್ರ ಸರ್ಕಾರ 2016ರ ಮಾರ್ಚ್‌ನಲ್ಲಿ ನಿಷೇಧಿಸಿತು. ಕಂಪನಿಗಳು ಕೋರ್ಟಿಗೆ ಹೋದವು. 2018ರಲ್ಲಿ ಮರುಪರಿಶೀಲನೆಯಾಗಿ 328ಕ್ಕೆ ನಿಷೇಧ ಬಿತ್ತು, 2024ರಲ್ಲಿ ಇನ್ನೂ 156ಕ್ಕೆ. ಸಾಲದು ಎಂಬುದು ನನ್ನ ಅಭಿಪ್ರಾಯ, ಆದರೂ ದಾರಿ ಸರಿಯಾದದ್ದು. 2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಫೋನ್ ಹಿಡಿದರೆ ಒಳಗೇನಿದೆ ಎಂದು ತೋರಿಸುವ ಒಳ್ಳೆಯ ಏರ್ಪಾಡು. ಆ ಕೋಡ್ ಇರುವ ತುಂಡು ನಮ್ಮ ಕೈಗೆ ಬಂದರೆ ಮಾತ್ರ.

ಇಲ್ಲಿಯವರೆಗೆ ಹೇಳಿದ್ದು ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲದ ಬಗೆ. ಔಷಧದಿಂದ ಚರ್ಮಕ್ಕಾಗುವ ತೊಂದರೆಗಳಲ್ಲಿ ಬಹುಪಾಲು ಇಂಥವೇ. ಮಾತ್ರೆ ಶುರುಮಾಡಿದ ಒಂದೆರಡು ವಾರದಲ್ಲಿ ಎದೆ, ಬೆನ್ನಿನ ಮೇಲೆ ದಡಾರದಂತೆ ಕೆಂಪು ದದ್ದು ಎದ್ದು, ಔಷಧ ಬಿಟ್ಟ ಮೇಲೆ ಹೊಟ್ಟು ಉದುರಿ ಹೋಗುವುದು ಎಲ್ಲಕ್ಕಿಂತ ಸಾಮಾನ್ಯ. ನುಂಗಿದ ಸ್ವಲ್ಪ ಹೊತ್ತಿಗೇ ಗಾದರಿ ಎದ್ದು ತುರಿಸುವುದು ಇನ್ನೊಂದು. ಗಾದರಿಯ ಜೊತೆ ತುಟಿ, ನಾಲಿಗೆ ಬಾತು ಉಸಿರು ಕಟ್ಟತೊಡಗಿದರೆ ಮನೆಮದ್ದಿನ ಮಾತೇ ಇಲ್ಲ, ಹತ್ತಿರದ ಆಸ್ಪತ್ರೆಗೆ ಓಡಬೇಕು. ಡಾಕ್ಸಿಸೈಕ್ಲಿನ್ ನುಂಗಿ ಗದ್ದೆಯಲ್ಲಿ ದಿನವಿಡೀ ಬಿಸಿಲಿಗೆ ನಿಂತವರ ಮುಖ, ತೋಳು ಸುಟ್ಟಂತಾಗುವುದೂ ಉಂಟು.

ಇವುಗಳ ನಡುವೆಯೇ, ಮೊದಲ ದಿನ ನೋಡಿದರೆ ಹೆಚ್ಚು ವ್ಯತ್ಯಾಸ ಕಾಣದ ಹಾಗೆ, ಎರಡು ಭಯಂಕರ ಕಾಯಿಲೆಗಳು ಶುರುವಾಗುತ್ತವೆ. ಜ್ವರ, ಗಂಟಲು ನೋವು, ಕಣ್ಣು ಕೆಂಪು, ಆಮೇಲೆ ಮೈಮೇಲೆ ಬೊಬ್ಬೆ. ನಮ್ಮ ಹಳ್ಳಿಗಳಲ್ಲಿ, ಪೇಟೆಗಳಲ್ಲೂ, ಇದನ್ನು ನೋಡಿದ ತಕ್ಷಣ 'ಅಮ್ಮ ಎದ್ದಿದೆ' ಎನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಒಗ್ಗರಣೆ ನಿಲ್ಲಿಸುತ್ತಾರೆ, ಆಸ್ಪತ್ರೆಗೆ ಕರೆದೊಯ್ಯಬಾರದೆಂದು ಕಾಯುತ್ತಾರೆ. ನಂಬಿಕೆಯ ಬಗ್ಗೆ ನನಗೆ ಗೌರವವಿದೆ. ಸಿಡುಬಿನ ಕಾಲದಲ್ಲಿ ರೋಗಿಯನ್ನು ಬೇರೆಯಿಟ್ಟು ಮೆತ್ತನೆಯ ಊಟ ಕೊಟ್ಟದ್ದರಲ್ಲಿ ವಿವೇಕವೂ ಇತ್ತು. ಆದರೆ ಆ ಮನೆಯಲ್ಲಿ ಮೂರು ವಾರದ ಹಿಂದೆ ಶುರುಮಾಡಿದ ಫಿಟ್ಸ್ ಮಾತ್ರೆಯನ್ನು ಬೆಳಿಗ್ಗೆ ಸಂಜೆ ತಪ್ಪದೆ ಕೊಡುತ್ತಿದ್ದರೆ ಕಾಯುವ ಪ್ರತಿ ದಿನವೂ ದುಬಾರಿ. ಕಾರಣವಾದ ಔಷಧವನ್ನು ಎಷ್ಟು ಬೇಗ ನಿಲ್ಲಿಸಿದರೆ ಬದುಕುವ ಸಾಧ್ಯತೆ ಅಷ್ಟು ಹೆಚ್ಚು ಎಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಲ್ಲಿ ಲೆಕ್ಕ ಹಾಕಿದ್ದು ವಾರಗಳಲ್ಲಲ್ಲ, ದಿನಗಳಲ್ಲಿ.

ಗುರುತುಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ದದ್ದು ತುರಿಸುವುದಕ್ಕಿಂತ ಹೆಚ್ಚಾಗಿ ನೋಯುವುದು, ಮುಟ್ಟಿದರೆ ಉರಿಯುವುದು. ಬಾಯೊಳಗೆ, ಕಣ್ಣಲ್ಲಿ, ಮೂತ್ರದ ದಾರಿಯಲ್ಲಿ ಹುಣ್ಣಾಗಿ ನುಂಗಲು, ಕಣ್ಣು ತೆರೆಯಲು ಆಗದಿರುವುದು. ಕೆಂಪು ಮಚ್ಚೆಗಳ ನಡುಭಾಗ ನೇರಳೆ, ಬೂದು ಬಣ್ಣಕ್ಕೆ ತಿರುಗಿ, ಬೆರಳಿಂದ ಮೆಲ್ಲಗೆ ಒತ್ತಿ ಸರಿಸಿದರೆ ಸಿಪ್ಪೆ ಜಾರುವುದು. ಇಲ್ಲವೇ ಮುಖ ಊದಿಕೊಂಡು, ಕುತ್ತಿಗೆಯಲ್ಲಿ ಗಂಟು ಕಟ್ಟಿ, ಜ್ವರ ಬಿಡದೆ, ಕಣ್ಣು ಹಳದಿಯಾಗುವುದು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ನುಂಗುತ್ತಿದ್ದ ಎಲ್ಲ ಮಾತ್ರೆಗಳ ಹಾಳೆ, ಡಬ್ಬಿ, ಚೀಟಿಗಳನ್ನು ಒಂದು ಚೀಲಕ್ಕೆ ತುಂಬಿಕೊಂಡೇ ಹೋಗಬೇಕು.

ಮೊದಲ ಬಗೆಯನ್ನು 1922ರಲ್ಲಿ ಅಮೆರಿಕದ ಮಕ್ಕಳ ವೈದ್ಯರಾದ ಆಲ್ಬರ್ಟ್ ಸ್ಟೀವನ್ಸ್ ಮತ್ತು ಫ್ರಾಂಕ್ ಜಾನ್ಸನ್ ವರ್ಣಿಸಿದರು. 7 ಮತ್ತು 8 ವರ್ಷದ ಇಬ್ಬರು ಹುಡುಗರು, ಬಿಡದ ಜ್ವರ, ಮೈತುಂಬ ದದ್ದು, ಬಾಯಿತುಂಬ ಹುಣ್ಣು, ಕೀವು ತುಂಬಿದ ಕಣ್ಣುಗಳು. ಇದೊಂದು ಹೊಸ ಜ್ವರ ಎಂದೇ ಅವರು ಬರೆದರು. ಔಷಧವೇ ಮುಖ್ಯ ಕಾರಣವೆಂದು ಅರ್ಥವಾದದ್ದು ಬಹಳ ಕಾಲದ ಮೇಲೆ. 1956ರಲ್ಲಿ ಸ್ಕಾಟ್ಲೆಂಡಿನ ಚರ್ಮವೈದ್ಯ ಅಲನ್ ಲಯೆಲ್ ನಾಲ್ವರು ರೋಗಿಗಳ ಬಗ್ಗೆ ಬರೆದರು. ಅವರ ಚರ್ಮ ಕುದಿನೀರು ಬಿದ್ದು ಬೆಂದಂತೆ ಹಾಳೆ ಹಾಳೆಯಾಗಿ ಸುಲಿದುಬರುತ್ತಿತ್ತು. ಲಯೆಲ್ ಅದನ್ನು ಟಾಕ್ಸಿಕ್ ಎಪಿಡರ್ಮಲ್ ನೆಕ್ರೊಲೈಸಿಸ್ ಎಂದರು. ಇವೆರಡೂ ಒಂದೇ ಕಾಯಿಲೆಯ ಎರಡು ಮಟ್ಟಗಳೆಂದು ಈಗ ತಿಳಿದಿದೆ. ಸುಲಿದ ಚರ್ಮ ಮೈಯ ಶೇಕಡ 10ಕ್ಕಿಂತ ಕಡಿಮೆಯಿದ್ದರೆ ಸ್ಟೀವನ್ಸ್-ಜಾನ್ಸನ್, 30ಕ್ಕಿಂತ ಹೆಚ್ಚಿದ್ದರೆ ಲಯೆಲ್ ಹೇಳಿದ್ದು, ನಡುವಿನದು ಎರಡರ ಬೆರಕೆ. ಇದು ಬಹಳ ಅಪರೂಪ, ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಕೆಲವರಿಗೆ ಮಾತ್ರ. ಆದರೆ ತೀವ್ರ ಮಟ್ಟ ತಲುಪಿದವರಲ್ಲಿ ಸುಮಾರು ಮೂರರಲ್ಲೊಬ್ಬರು ಉಳಿಯುವುದಿಲ್ಲ.

ಕಾರಣವಾಗುವ ಔಷಧಗಳ ಪಟ್ಟಿ ದೊಡ್ಡದಾದರೂ ಮುಖ್ಯ ಹೆಸರುಗಳು ಕೆಲವೇ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೀನ್, ಫೆನಿಟಾಯಿನ್, ಫೀನೋಬಾರ್ಬಿಟೋನ್, ಲ್ಯಾಮೊಟ್ರಿಜಿನ್, ಯೂರಿಕ್ ಆಮ್ಲ ಇಳಿಸುವ ಅಲೋಪ್ಯೂರಿನಾಲ್, ಸಲ್ಫಾ ಔಷಧಗಳು, ಎಚ್‌ಐವಿಗೆ ಕೊಡುತ್ತಿದ್ದ ನೆವಿರಪೀನ್, ಕೆಲವು ನೋವಿನ ಮಾತ್ರೆಗಳು. ಸಾಮಾನ್ಯವಾಗಿ ಔಷಧ ಶುರುವಾದ ನಾಲ್ಕನೆಯ ದಿನದಿಂದ ಎಂಟನೆಯ ವಾರದೊಳಗೆ ಇದು ಕಾಣಿಸಿಕೊಳ್ಳುತ್ತದೆ. ಹತ್ತು ವರ್ಷದಿಂದ ನುಂಗುತ್ತಿರುವ ಬಿಪಿ ಮಾತ್ರೆಗಿಂತ ಕಳೆದ ತಿಂಗಳು ಸೇರಿಸಿದ ಮಾತ್ರೆಯ ಮೇಲೆ ಅನುಮಾನ ಹೆಚ್ಚು. ವೈದ್ಯರಿಗೆ ದಿನಾಂಕವೂ ಬೇಕಾಗುವುದು ಅದಕ್ಕೇ.

ಚರ್ಮ ಸುಲಿದ ರೋಗಿಯನ್ನು ನೋಡಿಕೊಳ್ಳುವುದು ಸುಟ್ಟಗಾಯದ ರೋಗಿಯನ್ನು ನೋಡಿಕೊಂಡಷ್ಟೇ ಕಠಿಣ. ಚರ್ಮವಿಲ್ಲದ ಮೈ ನೀರನ್ನೂ ಶಾಖವನ್ನೂ ಹಿಡಿದಿಡಲಾರದು, ಸೋಂಕನ್ನು ತಡೆಯಲಾರದು. ಕೋಣೆ ಬೆಚ್ಚಗಿರಬೇಕು, ದ್ರವವನ್ನು ಅಳೆದು ಕೊಡಬೇಕು, ಕಣ್ಣಿಗೆ ಗಂಟೆ ಗಂಟೆಗೂ ಹನಿ ಹಾಕಬೇಕು. ಹಾಸಿಗೆಯ ಬಟ್ಟೆ ಹಸಿಮೈಗೆ ಅಂಟಿ, ಮಗ್ಗುಲಾದಾಗಲೆಲ್ಲ ಚರ್ಮವನ್ನು ಕಿತ್ತುಕೊಂಡು ಬರುತ್ತದೆ. ಇದಕ್ಕೆ ನಮ್ಮ ದೇಶದ ವಾರ್ಡುಗಳು ಕಂಡುಕೊಂಡ ಉಪಾಯ ಬಾಳೆಎಲೆ. ತೊಳೆದು ಶುದ್ಧಗೊಳಿಸಿದ ಎಲೆಯನ್ನು ಹಾಸಿ ರೋಗಿಯನ್ನು ಮಲಗಿಸುತ್ತಾರೆ. ಎಲೆಯ ನುಣುಪು, ಮೇಣದಂಥ ಮೇಲ್ಮೈ ಗಾಯಕ್ಕೆ ಅಂಟುವುದಿಲ್ಲ, ತಂಪಾಗಿರುತ್ತದೆ, ದಿನವೂ ಹೊಸದನ್ನು ಹಾಸುವುದು ಅಗ್ಗ. ಮುಂಬೈನ ವೈದ್ಯರು ಸುಟ್ಟಗಾಯಗಳಿಗೆ ಬಾಳೆಎಲೆಯ ಪಟ್ಟಿಯನ್ನು ಪರೀಕ್ಷಿಸಿ 2003ರಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಬಡ ರೋಗಿಗೂ ದೊರೆಯುವ ಆರೈಕೆಯನ್ನು ಹೀಗೆ ಯೋಚಿಸಿ ರೂಪಿಸಿದ ವೈದ್ಯರು, ದಾದಿಯರ ಬಗ್ಗೆ ನನಗೆ ಅಪಾರ ಹೆಮ್ಮೆ.

ಚರ್ಮ ಮತ್ತೆ ಬೆಳೆಯುತ್ತದೆ. ಎರಡು ಮೂರು ವಾರದಲ್ಲಿ ಹೊಸ ಪದರ ಬಂದು, ಮೈ ಅಲ್ಲಲ್ಲಿ ಕಪ್ಪು ಬಿಳುಪಾಗಿ, ಉಗುರು ಉದುರಿ, ರೋಗಿ ಮನೆಗೆ ಹೋಗುತ್ತಾರೆ. ಕಣ್ಣು ಮಾತ್ರ ಅಷ್ಟು ಸುಲಭಕ್ಕೆ ಬಿಡುಗಡೆ ಕೊಡುವುದಿಲ್ಲ. ರೆಪ್ಪೆಯ ಒಳಮೈ ಗಾಯವಾಗಿ ಗಟ್ಟಿಯಾಗುತ್ತದೆ, ಕಣ್ಣೀರಿನ ಗ್ರಂಥಿಗಳು ಬತ್ತುತ್ತವೆ, ಒಳಕ್ಕೆ ತಿರುಗಿದ ರೆಪ್ಪೆಗೂದಲು ಪ್ರತಿ ಮಿಟುಕಿಗೂ ಕಣ್ಣಿನ ಪಾರದರ್ಶಕ ಪೊರೆಯನ್ನು ಗೀರುತ್ತದೆ. ಕಾಯಿಲೆ ವಾಸಿಯಾಗಿ ವರ್ಷಗಳಾದ ಮೇಲೂ ದೃಷ್ಟಿ ಮಂಜಾಗುತ್ತ ಹೋಗುತ್ತದೆ. ಮೊದಲ ಕೆಲವು ದಿನಗಳಲ್ಲೇ ಕಣ್ಣಿನ ವೈದ್ಯರು ಬಂದು ನೋಡಿ, ಬೇಕಾದರೆ ಗರ್ಭಚೀಲದ ತೆಳುಪೊರೆಯನ್ನು ಕಣ್ಣಿಗೆ ಹೊದಿಸಿದರೆ ಈ ಹಾನಿಯನ್ನು ಬಹಳಷ್ಟು ತಡೆಯಬಹುದು. ಜೀವ ಉಳಿಸುವ ಧಾವಂತದಲ್ಲಿ ಕಣ್ಣನ್ನು ಮರೆತುಬಿಟ್ಟರೆ ಉಳಿದ ಜೀವ ಕತ್ತಲಲ್ಲಿ ಬದುಕಬೇಕಾಗುತ್ತದೆ.

ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಇಂಥ ರೋಗಿಗಳ ರೆಪ್ಪೆಯ ಅಂಚಿಗೆ ಅವರ ಬಾಯೊಳಗಿನ ತೆಳುಚರ್ಮವನ್ನು ಕಸಿ ಮಾಡುತ್ತಾರೆ, ಕಣ್ಣೀರಿನ ಬದಲು ದ್ರವವನ್ನು ಹಿಡಿದಿಡುವ ದೊಡ್ಡ ಲೆನ್ಸ್‌ಗಳನ್ನು ಕೂರಿಸುತ್ತಾರೆ. ಎಲ್ಲ ದಾರಿಯೂ ಮುಚ್ಚಿದವರಿಗೆ ಚೆನ್ನೈನ ಶಂಕರ ನೇತ್ರಾಲಯದಲ್ಲಿ ಒಂದು ಶಸ್ತ್ರಚಿಕಿತ್ಸೆಯಿದೆ. 1963ರಲ್ಲಿ ಇಟಲಿಯ ಬೆನೆಡೆಟ್ಟೊ ಸ್ಟ್ರಾಂಪೆಲ್ಲಿ ಯೋಚಿಸಿದ್ದು. ರೋಗಿಯದೇ ಕೋರೆಹಲ್ಲನ್ನು ಬೇರು, ಸುತ್ತಲಿನ ಮೂಳೆಯ ಸಮೇತ ತೆಗೆದು, ತೆಳ್ಳಗೆ ಕೊಯ್ದು, ನಡುವೆ ತೂತು ಕೊರೆದು ಸಣ್ಣದೊಂದು ಪಾರದರ್ಶಕ ಕೊಳವೆಯನ್ನು ಕೂರಿಸುತ್ತಾರೆ. ಆ ಹಲ್ಲನ್ನು ಕೆನ್ನೆಯ ಚರ್ಮದಡಿ ಕೆಲವು ತಿಂಗಳು ಹುದುಗಿಸಿಟ್ಟು ರಕ್ತನಾಳಗಳು ಬೆಳೆಯಲು ಬಿಡುತ್ತಾರೆ. ಅಷ್ಟರಲ್ಲಿ ಕೆನ್ನೆಯ ಒಳಚರ್ಮವನ್ನು ಕಣ್ಣಿನ ಮೇಲೆ ಹೊದಿಸಿರುತ್ತಾರೆ. ಕೊನೆಗೆ ಹಲ್ಲನ್ನು ಕಣ್ಣಿಗೆ ಜೋಡಿಸಿ, ಆ ಕೊಳವೆಯ ಮೂಲಕ ಬೆಳಕು ಒಳಹೋಗುವಂತೆ ಮಾಡುತ್ತಾರೆ. ಹಲ್ಲೇ ಏಕೆಂದರೆ ಅದು ರೋಗಿಯ ಮೈಯದೇ ಭಾಗ, ಪ್ಲಾಸ್ಟಿಕ್ಕನ್ನು ಬಿಗಿಯಾಗಿ ಹಿಡಿಯುತ್ತದೆ, ಒಣಗಿದ ಕಣ್ಣಲ್ಲೂ ಬಾಳುತ್ತದೆ. ಭಾರತದಲ್ಲಿ ಈ ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ದೊಡ್ಡ ಪಾಲು ಸ್ಟೀವನ್ಸ್-ಜಾನ್ಸನ್‌ನಿಂದ ಕಣ್ಣು ಕಳೆದುಕೊಂಡವರು. ಯಾವುದೋ ಜ್ವರಕ್ಕೋ ನೋವಿಗೋ ನುಂಗಿದ ಒಂದು ಮಾತ್ರೆಯಿಂದ ಶುರುವಾದ ಪಯಣ ಅದು.

ಇದು ಕೆಲವರಿಗೆ ಮಾತ್ರ ಏಕೆ ಆಗುತ್ತದೆ? ಈ ಪ್ರಶ್ನೆಗೆ ದೊಡ್ಡ ಉತ್ತರ ಬಂದದ್ದು ತೈವಾನ್‌ನಿಂದ. 2004ರಲ್ಲಿ ಅಲ್ಲಿನ ಸಂಶೋಧಕರು ಕಾರ್ಬಮಜೆಪೀನ್ ನುಂಗಿ ಸ್ಟೀವನ್ಸ್-ಜಾನ್ಸನ್ ಆದ 44 ರೋಗಿಗಳ ರಕ್ತ ಪರೀಕ್ಷಿಸಿದರು. ಎಚ್‌ಎಲ್‌ಎ-ಬಿ 1502 ಎಂಬ ಜೀನ್ ರೂಪ 44 ಜನರಲ್ಲೂ ಇತ್ತು. ಅದೇ ಮಾತ್ರೆಯನ್ನು ತೊಂದರೆಯಿಲ್ಲದೆ ನುಂಗುತ್ತಿದ್ದ 101 ಜನರಲ್ಲಿ ಮೂವರಲ್ಲಿ ಮಾತ್ರ. ಎಚ್‌ಎಲ್‌ಎ ಎಂಬವು ಕೋಶಗಳ ಹೊರಮೈಮೇಲೆ ಇದ್ದು, ಒಳಗಿನ ತುಣುಕುಗಳನ್ನು ರಕ್ಷಣಾ ಕೋಶಗಳಿಗೆ ಎತ್ತಿ ತೋರಿಸುವ ಪ್ರೋಟೀನುಗಳು. ಈ ನಿರ್ದಿಷ್ಟ ರೂಪಕ್ಕೆ ಕಾರ್ಬಮಜೆಪೀನ್ ಬಂದು ಕೂತಾಗ ರಕ್ಷಣಾ ಕೋಶಗಳು ಸ್ವಂತ ಚರ್ಮವನ್ನೇ ಪರಕೀಯವೆಂದು ತಿಳಿದು ಗ್ರ್ಯಾನುಲೈಸಿನ್ ಎಂಬ ಕೊಲ್ಲುವ ವಸ್ತುವನ್ನು ಸುರಿಸುತ್ತವೆ. ಬೊಬ್ಬೆಯ ನೀರಿನಲ್ಲಿ ಅದು ತುಂಬಿರುತ್ತದೆ.

ತೈವಾನ್ ಅಲ್ಲಿಗೇ ನಿಲ್ಲಲಿಲ್ಲ. 23 ಆಸ್ಪತ್ರೆಗಳಲ್ಲಿ 4,877 ಜನರಿಗೆ ಮಾತ್ರೆ ಕೊಡುವ ಮೊದಲೇ ಜೀನ್ ಪರೀಕ್ಷೆ ಮಾಡಿದರು. ಆ ರೂಪವಿದ್ದ ಶೇಕಡ 7.7 ಜನರಿಗೆ ಬೇರೆ ಔಷಧ ಕೊಟ್ಟರು. ಹಳೆಯ ಲೆಕ್ಕದ ಪ್ರಕಾರ ಸುಮಾರು ಹತ್ತು ಜನರಿಗೆ ಈ ಕಾಯಿಲೆ ಬರಬೇಕಿತ್ತು. ಒಬ್ಬರಿಗೂ ಬರಲಿಲ್ಲ. 2011ರಲ್ಲಿ ಪ್ರಕಟವಾದ ಆ ಫಲಿತಾಂಶ ಓದಿದಾಗ ಇಂದಿಗೂ ಮನಸ್ಸು ತುಂಬಿಬರುತ್ತದೆ. ಥಾಯ್ಲೆಂಡ್, ಸಿಂಗಪುರಗಳು ಈ ಪರೀಕ್ಷೆಯನ್ನು ರೂಢಿಗೆ ತಂದವು. ಅಮೆರಿಕದ ಔಷಧ ಇಲಾಖೆ 2007ರಲ್ಲೇ ಏಷ್ಯಾ ಮೂಲದವರಿಗೆ ಮೊದಲು ಪರೀಕ್ಷೆ ಮಾಡಿ ಎಂದಿತ್ತು. ನಮ್ಮಲ್ಲಿ 2009ರ ಒಂದು ಸಣ್ಣ ಅಧ್ಯಯನದಲ್ಲಿ 8 ರೋಗಿಗಳಲ್ಲಿ 6 ಜನರಲ್ಲಿ ಇದೇ ಜೀನ್ ರೂಪ ಸಿಕ್ಕಿತು. ಭಾರತದಂಥ ನೂರಾರು ಸಮುದಾಯಗಳ ದೇಶದಲ್ಲಿ ಇದು ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ, ಹಾಗಾಗಿ ಎಲ್ಲರಿಗೂ ಪರೀಕ್ಷೆ ಎನ್ನುವುದು ಸುಲಭದ ತೀರ್ಮಾನವಲ್ಲ. ಆದರೂ ಫಿಟ್ಸ್‌ಗೆ ಮಾತ್ರೆ ಶುರುಮಾಡುವ ದಿನ 'ಮೊದಲ ಎರಡು ತಿಂಗಳಲ್ಲಿ ಜ್ವರದ ಜೊತೆ ದದ್ದು ಬಂದರೆ ಅವತ್ತೇ ಬನ್ನಿ' ಎಂದು ಹೇಳಲು ಯಾವ ಪರೀಕ್ಷೆಯೂ ಬೇಡ. ಅದರ ಜೊತೆ ಇನ್ನೊಂದು ಮಾತು: ಕಾರ್ಬಮಜೆಪೀನ್‌ಗೆ ಹೀಗಾದವರಿಗೆ ಫೆನಿಟಾಯಿನ್, ಫೀನೋಬಾರ್ಬಿಟೋನ್ ಕೂಡ ಆಗಿಬರದಿರುವ ಸಾಧ್ಯತೆ ಹೆಚ್ಚು, ರಾಸಾಯನಿಕವಾಗಿ ಅವು ಹತ್ತಿರದವು. ಫಿಟ್ಸ್ ಮಾತ್ರೆಯನ್ನು ಥಟ್ಟನೆ ಬಿಟ್ಟು ಮನೆಯಲ್ಲಿ ಕೂರುವಂತೆಯೂ ಇಲ್ಲ. ಬದಲಿ ಔಷಧಕ್ಕಾಗಿ ವೈದ್ಯರ ಬಳಿ ಹೋಗಲೇಬೇಕು.

ಎರಡನೆಯ ಭಯಂಕರ ಕಾಯಿಲೆಗೆ ಡ್ರೆಸ್ ಎಂಬ ಸಂಕ್ಷಿಪ್ತ ಹೆಸರು. ಔಷಧ ಶುರುವಾಗಿ ಎರಡರಿಂದ ಎಂಟು ವಾರಕ್ಕೆ ಜ್ವರ, ಮೈತುಂಬ ದದ್ದು, ಊದಿದ ಮುಖ, ಮತ್ತು ಒಳಗೆ ಯಕೃತ್ತು, ಮೂತ್ರಪಿಂಡಗಳಿಗೆ ಪೆಟ್ಟು. ಕಣ್ಣು ಹಳದಿಯಾದಾಗ ಕಾಮಾಲೆ ಎಂದು ಬೇರಿನ ಔಷಧಿಗೆ ಹೋಗಿ ಸಮಯ ಕಳೆಯುವ ಅಪಾಯವಿದೆ. ಕುಷ್ಠರೋಗ ಚಿಕಿತ್ಸೆಯ ಮೂರು ಔಷಧಗಳಲ್ಲಿ ಒಂದಾದ ಡ್ಯಾಪ್ಸೋನ್‌ನಿಂದಲೂ ಇದೇ ಬಗೆಯ ಪ್ರತಿಕ್ರಿಯೆ, ಹೆಚ್ಚಾಗಿ ನಾಲ್ಕರಿಂದ ಆರು ವಾರದೊಳಗೆ ಬರುತ್ತದೆ. 2013ರಲ್ಲಿ ಚೀನಾದ ಸಂಶೋಧಕರು ಅದಕ್ಕೂ ಒಂದು ಎಚ್‌ಎಲ್‌ಎ ರೂಪವನ್ನು ಗುರುತಿಸಿದರು.

ಕುಷ್ಠರೋಗದ ಮಾತು ಬಂದದ್ದರಿಂದ ಅದಕ್ಕೆ ಕೊಡುವ ಇನ್ನೊಂದು ಔಷಧ ಕ್ಲೋಫಜಿಮೀನ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅದರಿಂದ ಆಗುವುದು ಅಪಾಯದ ಪ್ರತಿಕ್ರಿಯೆ ಅಲ್ಲ. ಆ ಔಷಧ ಸ್ವತಃ ಕೆಂಪು ಬಣ್ಣದ್ದು, ಚರ್ಮದಲ್ಲಿ ಶೇಖರವಾಗಿ ಮೈಯನ್ನು ಕೆಂಗಪ್ಪಾಗಿಸುತ್ತದೆ. ಚಿಕಿತ್ಸೆ ಮುಗಿದ ಮೇಲೆ ತಿಂಗಳುಗಳು, ಕೆಲವರಲ್ಲಿ ವರ್ಷಗಳೇ ಬೇಕು ಬಣ್ಣ ಇಳಿಯಲು. ರೋಗವನ್ನು ಬಚ್ಚಿಟ್ಟುಕೊಂಡು ಗುಣಪಡಿಸಿಕೊಳ್ಳಬೇಕೆಂದಿದ್ದ ಹೆಣ್ಣುಮಗಳನ್ನು ಅಕ್ಕಪಕ್ಕದವರ ಪ್ರಶ್ನೆಗಳಿಗೆ ಗುರಿಮಾಡುವುದು ರೋಗವಲ್ಲ, ಔಷಧ. ಅವಳು ಮಾತ್ರೆ ನಿಲ್ಲಿಸಿದರೆ ಬೈಯುವುದು ಸುಲಭ. 'ಬಣ್ಣ ಬದಲಾಗುತ್ತದೆ, ಆಮೇಲೆ ಇಳಿಯುತ್ತದೆ, ಗಾಬರಿ ಬೇಡ' ಎಂದು ಮೊದಲ ದಿನವೇ ಕೂರಿಸಿ ಹೇಳುವ ಆಶಾ ಕಾರ್ಯಕರ್ತೆ ಮಾಡುವ ಕೆಲಸ ದೊಡ್ಡದು. ಎಚ್‌ಐವಿ ಔಷಧ 2004ರಲ್ಲಿ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಶುರುವಾದಾಗ ನೆವಿರಪೀನ್‌ಗೂ ಹೀಗೇ ಒಂದು ಶಿಸ್ತು ಇತ್ತು. ಮೊದಲ 14 ದಿನ ಅರ್ಧ ಪ್ರಮಾಣ, ದದ್ದು ಬಂದರೆ ಪೂರ್ತಿ ಪ್ರಮಾಣಕ್ಕೆ ಏರಿಸುವಂತಿಲ್ಲ. ಕೌನ್ಸೆಲರುಗಳು ರೋಗಿಗೆ ಇದನ್ನು ಬಿಡಿಸಿ ಹೇಳುತ್ತಿದ್ದರು. ಅಷ್ಟು ದೊಡ್ಡ ಕಾರ್ಯಕ್ರಮದಲ್ಲಿ ಸಾಧ್ಯವಾದದ್ದು ಉಳಿದ ಕಡೆ ಏಕೆ ಆಗಬಾರದು?

ಎದುರು ದಿಕ್ಕಿನ ತಪ್ಪೂ ಒಂದಿದೆ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಪೆನಿಸಿಲಿನ್ ಬಗೆಯ ಔಷಧ ಕೊಟ್ಟಿದ್ದರು, ದದ್ದು ಎದ್ದಿತ್ತು, ಅಂದಿನಿಂದ 'ಇವನಿಗೆ ಪೆನಿಸಿಲಿನ್ ಅಲರ್ಜಿ' ಎಂಬ ಮಾತು ಅಂಟಿಕೊಂಡಿತು. ಆ ದದ್ದು ವೈರಸ್ ಜ್ವರದ್ದೇ ಇರಬಹುದು. ಹೀಗೆ ಹೇಳಿಕೊಳ್ಳುವವರನ್ನು ಸರಿಯಾಗಿ ಪರೀಕ್ಷಿಸಿದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಅಲರ್ಜಿ ಇರುವುದೇ ಇಲ್ಲ ಎಂದು ಹೊರದೇಶಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ತಪ್ಪು ಗುರುತಿನಿಂದಾಗಿ ಅವರು ಒಳ್ಳೆಯ, ಅಗ್ಗದ ಔಷಧವೊಂದನ್ನು ಜೀವನಪೂರ್ತಿ ಕಳೆದುಕೊಳ್ಳುತ್ತಾರೆ. ಆದ್ದರಿಂದ ಬರೆದಿಡುವಾಗ ಹೆಸರಷ್ಟೇ ಅಲ್ಲ, ಏನಾಯಿತು, ಎಷ್ಟು ದಿನಕ್ಕಾಯಿತು ಎಂಬುದೂ ಬೇಕು.

ಯಾರು ಬರೆದಿಡಬೇಕು? ಆಸ್ಪತ್ರೆ, ಮೊದಲಿಗೆ. 2010ರಲ್ಲಿ ಶುರುವಾದ ಭಾರತದ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮಕ್ಕೆ ಈಗ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯ ಆಯೋಗ ಕೇಂದ್ರ. ದೇಶದ ನೂರಾರು ವೈದ್ಯಕೀಯ ಕಾಲೇಜುಗಳಿಂದ, ಮೈಸೂರಿನ ಜೆಎಸ್‌ಎಸ್‌ನಂಥ ನಮ್ಮ ಸಂಸ್ಥೆಗಳಿಂದಲೂ, ವರದಿಗಳು ಅಲ್ಲಿಗೆ ಹೋಗುತ್ತವೆ, ಅಲ್ಲಿಂದ ಸ್ವೀಡನ್ನಿನ ಉಪ್ಸಾಲಾದಲ್ಲಿರುವ ಜಾಗತಿಕ ದಾಖಲೆಗೆ. ಈ ವರದಿಗಳು ಕಪಾಟಿನಲ್ಲಿ ಧೂಳು ತಿನ್ನುವುದಿಲ್ಲ. ಮುಟ್ಟಿನ ನೋವಿಗೆ ಮನೆಮನೆಯಲ್ಲೂ ಬಳಸುವ ಮೆಫನಾಮಿಕ್ ಆಮ್ಲದಿಂದ ಡ್ರೆಸ್ ಆಗಬಹುದೆಂದು ಆಯೋಗ 2023ರ ನವೆಂಬರ್ ಕೊನೆಯಲ್ಲಿ ದೇಶಕ್ಕೆಲ್ಲ ಎಚ್ಚರಿಕೆ ಕೊಟ್ಟದ್ದು ಹೀಗೆ ಬಂದ ವರದಿಗಳನ್ನು ನೋಡಿಯೇ. ವರದಿ ಮಾಡಲು ವೈದ್ಯರೇ ಆಗಬೇಕಿಲ್ಲ. 1800-180-3024 ಎಂಬ ಉಚಿತ ಸಂಖ್ಯೆಗೆ ರೋಗಿಯೋ ಮನೆಯವರೋ ಕರೆ ಮಾಡಬಹುದು, ಸಾರ್ವಜನಿಕರಿಗೆಂದೇ ಬೇರೆ ನಮೂನೆಯೂ ಇದೆ.

ಆದರೆ ಮುಂದಿನ ಸಲ ಜ್ವರ ಬಂದು ಬೇರೆ ಊರಿನ ಬೇರೆ ಕ್ಲಿನಿಕ್ಕಿನಲ್ಲಿ ಕೂತಾಗ ಗಾಜಿಯಾಬಾದಿನ ದಾಖಲೆ ಕೈಗೆ ಬರುವುದಿಲ್ಲ. ಅಲ್ಲಿ ಬೇಕಾಗುವುದು ಪರ್ಸಿನಲ್ಲಿರುವ ಒಂದು ಚೀಟಿ. ಔಷಧದ ಮೂಲ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಆದದ್ದೇನು, ಯಾವ ವರ್ಷ, ಜೊತೆಗೆ ತಪ್ಪಿಸಬೇಕಾದ ಹತ್ತಿರದ ಔಷಧಗಳು. ಬಿಡುಗಡೆಯ ದಿನ ಚರ್ಮವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ಅದರ ಫೋಟೊ ತೆಗೆದು ಮನೆಯ ಎಲ್ಲರ ಫೋನಿನಲ್ಲಿ ಇಡಿ. ಮಾತ್ರೆ ಕೊಳ್ಳುವಾಗ ಹೆಸರಿರುವ ತುಂಡನ್ನೇ ಕತ್ತರಿಸಿ ಕೊಡಿ ಎಂದು ಅಂಗಡಿಯವರಿಗೆ ಹೇಳಿ, ಬಿಲ್ ಕೇಳಿ ಪಡೆಯಿರಿ. ಸ್ಟೀವನ್ಸ್-ಜಾನ್ಸನ್, ಡ್ರೆಸ್‌ನಂಥ ತೀವ್ರ ಪ್ರತಿಕ್ರಿಯೆ ಆಗಿದ್ದರೆ ಆ ಔಷಧವನ್ನು ಸಣ್ಣ ಪ್ರಮಾಣದಲ್ಲೂ 'ನೋಡೋಣ' ಎಂದು ಮತ್ತೆ ನುಂಗುವಂತಿಲ್ಲ, ಎಷ್ಟೇ ವರ್ಷ ಕಳೆದಿರಲಿ. ಎಚ್‌ಎಲ್‌ಎ ರೂಪಗಳು ತಂದೆತಾಯಿಗಳಿಂದ ಬರುವಂಥವು. ಹಾಗಾಗಿ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು, ಮಕ್ಕಳು ಕೂಡ ಅದೇ ಔಷಧವನ್ನು ಬರೆಸಿಕೊಳ್ಳುವ ಸಂದರ್ಭ ಬಂದರೆ 'ನಮ್ಮ ಮನೆಯಲ್ಲಿ ಒಬ್ಬರಿಗೆ ಹೀಗಾಗಿದೆ' ಎಂದು ಆ ಚೀಟಿಯನ್ನು ವೈದ್ಯರ ಮುಂದಿಡಬೇಕು.